ಹೊಳೆ ಬಂದಾಗ ತಾಯಿ ಕಳೆದುಕೊಂಡ ಮಂಗ: ಆರು ವರ್ಷವಾದರೂ ಅಂಜಿಕೆ ಹೋಗಿಲ್ಲ, ಯಾಕೆ?

ಮಲಪ್ರಭಾ_ದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾದವರು ಕೆಳಗೆ ಹೋಗಿ.

ಬಾದಾಮಿ ತಾಲ್ಲೂಕಿನಲ್ಲಿ ಹೊಳೆದಂಡೆಯ ಊರು ನಮ್ಮದು. ಅಗಸಿ ಹತ್ತಿರ ನನ್ನ ಚಹಾದಂಗಡಿ. ಎದುರಿಗೆ ಹನುಮಪ್ಪನ ಗುಡಿ, ಪಕ್ಕಕ್ಕೆ ದೊಡ್ಡ ಹುಣಸೆ ಮರ. ದಿನವಿಡೀ ನನ್ನ ಕಣ್ಣಿಗೆ ಬೀಳುವುದು ಗಿರಾಕಿಗಳು ಮತ್ತು ಮಂಗಗಳು. ಕರಿಮುಖದ ಮುಸ್ಯಾ ಅಲ್ಲ, ತಲೆ ಮೇಲೆ ಬೈತಲೆ ತೆಗೆದ ಹಾಗೆ ಕೂದಲಿರುವ ಕಂದು ಮಂಗ.

2019ರ ಆಗಸ್ಟ್‌ನಲ್ಲಿ ಹೊಳೆ ಬಂದದ್ದು ನಿಮಗೂ ನೆನಪಿರಬೇಕು. ಪಟ್ಟದಕಲ್ಲಿನ ಗುಡಿಗಳಿಗೇ ನೀರು ಹೊಕ್ಕಿತ್ತು. ನಮ್ಮ ಹುಣಸೆ ಮರದ ಸುತ್ತ ಎದೆಮಟ್ಟ ನೀರು. ಇಡೀ ಗುಂಪು ಮೂರು ದಿನ ಮರದ ಮೇಲೆಯೇ ಇತ್ತು. ನಾವು ಗುಡಿ ಮಾಳಿಗೆ ಮೇಲೆ ನಿಂತು ರೊಟ್ಟಿ ಎಸೆಯುತ್ತಿದ್ದೆವು, ಅರ್ಧ ನೀರಿಗೇ ಬೀಳುತ್ತಿತ್ತು. ಎರಡನೇ ದಿನ ಒಂದು ಹೆಣ್ಣು ರೊಟ್ಟಿ ಹಿಡಿಯಲು ಹೋಗಿ ಜಾರಿತು. ಹೊಟ್ಟೆಗೆ ಅಂಟಿಕೊಂಡಿದ್ದ ಮರಿ ಹೇಗೋ ಕೊಂಬೆ ಹಿಡಿದು ಉಳಿಯಿತು. ತಾಯಿ ಮತ್ತೆ ಕಾಣಲಿಲ್ಲ. ಆ ಮರಿಯ ಎಡಗಿವಿ ಹರಿದಿತ್ತು. ಅದಕ್ಕೇ ಹರಕಿವಿ ಅಂತ ಹೆಸರಾಯಿತು.

ಈಗ ಹರಕಿವಿಗೆ ಆರು ವರ್ಷ. ಈ ಬೇಸಿಗೆಯಲ್ಲಿ ಮೊದಲ ಮರಿ ಹಾಕಿದ್ದಾಳೆ. ಉಳಿದ ಮಂಗಗಳು ಗಿರಾಕಿ ಕೈಯಿಂದಲೇ ಬಿಸ್ಕಿಟ್ ಕಸಿಯುತ್ತವೆ. ಇವಳು ಯಾವಾಗಲೂ ಇಪ್ಪತ್ತು ಹೆಜ್ಜೆ ದೂರ, ಬೆನ್ನು ಗೋಡೆಗೆ. ನನ್ನ ಕೈಯಿಂದ ತಟ್ಟೆ ಬಿದ್ದರೆ ಬೇರೆಯವು ತಿರುಗಿ ನೋಡುತ್ತವೆ ಅಷ್ಟೇ. ಇವಳು ಅಷ್ಟರಲ್ಲಿ ಮರದ ತುದಿಯಲ್ಲಿರುತ್ತಾಳೆ. ಮರಿ ಒಂದು ಮೊಳ ದೂರ ಹೋದರೂ ಬಾಲ ಹಿಡಿದು ಎಳೆದುಕೊಳ್ಳುತ್ತಾಳೆ. ಅವಳ ಹೇನು ಆರಿಸಿಕೊಡುವವರೂ ಯಾರಿಲ್ಲ.

ಇದು ಅವಳೇ ಮರಿಯಾಗಿದ್ದಾಗ ಆದ ಅಂಜಿಕೆಯಿಂದಲೋ, ಅವಳ ಸ್ವಭಾವವೇ ಹಾಗೋ? ಕೇಳಲು ಇನ್ನೊಂದು ಕಾರಣವಿದೆ. ಪಂಚಾಯಿತಿಯವರು ಮಂಗ ಹಿಡಿಸಿ ದೂರ ಬಿಡಿಸುತ್ತಾರಂತೆ. ಮರಿಗಳ ಗತಿ ಏನು ಅಂತ ಯೋಚನೆ.

ಸುಮ್ನೆ_ಓದುವವ

ಮಂಗನಿಗೂ ಟೆನ್ಶನ್ನಾ? ನಮ್ಮ ಮನೆ ಹೆಂಚು ಒಡೆಯುವಾಗ ಯಾವ ಅಂಜಿಕೆಯೂ ಕಾಣುವುದಿಲ್ಲ ಬಿಡಿ.

ದನದ_ಡಾಕ್ಟರ್

ನಾನು ಜಮಖಂಡಿ ಕಡೆ ದನದ ದವಾಖಾನೆಯಲ್ಲಿದ್ದು ನಿವೃತ್ತಿಯಾದವನು. ಮಂಗ ನನ್ನ ವಿಷಯವಲ್ಲ. ಆದರೆ ಅಂಜಿಕೆಯ ಯಂತ್ರ ಆಕಳಿಗೂ ಮಂಗನಿಗೂ ನಮಗೂ ಒಂದೇ.

ಅಪಾಯ ಕಂಡ ಕೂಡಲೇ ಮೆದುಳು ಸುದ್ದಿ ಕಳಿಸುತ್ತದೆ. ಮೂತ್ರಪಿಂಡದ ಮೇಲೆ ಟೋಪಿ ಹಾಕಿದ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಬಿಡುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಓಡಲು ಶಕ್ತಿ ಬರುತ್ತದೆ. ಬೆಳೆಯುವುದು, ರೋಗದ ಜೊತೆ ಬಡಿದಾಡುವುದು ಇವೆಲ್ಲ ಆಗ ಹಿಂದಕ್ಕೆ. ಹತ್ತು ನಿಮಿಷಕ್ಕಾದರೆ ಇದು ವರ. ಅಪಾಯ ಮುಗಿದ ಮೇಲೆ ಅದೇ ಕಾರ್ಟಿಸಾಲ್ ಮೆದುಳಿಗೆ ಹೋಗಿ ಸಾಕು ನಿಲ್ಲಿಸು ಅನ್ನುತ್ತದೆ. ಅದನ್ನು ಕೇಳಿಸಿಕೊಳ್ಳುವ ಜಾಗಗಳು ಮೆದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ಜಾಸ್ತಿ ಇವೆ. ಆ ಜಾಗಗಳು ಎಷ್ಟಿರಬೇಕು ಅನ್ನುವುದು ಬಹುಮಟ್ಟಿಗೆ ಎಳೆತನದಲ್ಲೇ ತೀರ್ಮಾನವಾಗುತ್ತದೆ.

ಪಂಪ್‌ಸೆಟ್‌ನ ಆಟೋ ಸ್ಟಾರ್ಟರ್ ಗೊತ್ತಲ್ಲ? ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಶುರುವಾಗುತ್ತದೆ. ಕೆಲವು ಪ್ರಾಣಿಗಳಲ್ಲಿ ಶುರುವಾಗುವುದು ಚೆನ್ನಾಗಿಯೇ ಇರುತ್ತದೆ, ಬಂದ್ ಆಗುವ ಬಟನ್ ಮಾತ್ರ ಸಡಿಲ. ನಿಮ್ಮ ಹರಕಿವಿ ಹಾಗಿರಬಹುದು.

ಬಿಳಿಜೋಳ_ಇಂಡಿ

ಇರಬಹುದು, ಇರಬಹುದು. ಇದೇ ಆಗಿಬಿಡುತ್ತದೆ. ಒಂದು ಮಂಗ ನೋಡಿ ಶಾಸ್ತ್ರ ಬರೆಯಬೇಡಿ. ಅಂಜುಬುರುಕ ತಾಯಿಗೆ ಅಂಜುಬುರುಕ ಮಗಳು ಹುಟ್ಟಿದ್ದರೆ? ಅವಳ ತಾಯಿ ರೊಟ್ಟಿ ಹಿಡಿಯಲು ಹೋಗಿ ಜಾರಿದ್ದೂ ಗಾಬರಿಯಿಂದಲೇ ಇರಬೇಕು.

ದನದ_ಡಾಕ್ಟರ್

ಬಿಳಿಜೋಳ ಅವರೇ, ಅದೇ ಪ್ರಶ್ನೆಯನ್ನು ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಅನ್ನುವವರ ತಂಡ ಇಲಿಗಳ ಮೇಲೆ ಕೇಳಿತು. ಕೆಲವು ತಾಯಿ ಇಲಿಗಳು ಮರಿಗಳನ್ನು ಚೆನ್ನಾಗಿ ನೆಕ್ಕುತ್ತವೆ, ಕೆಲವು ಅಷ್ಟಕ್ಕಷ್ಟೇ. ಚೆನ್ನಾಗಿ ನೆಕ್ಕಿಸಿಕೊಂಡವು ದೊಡ್ಡವಾದ ಮೇಲೆ ಸಮಾಧಾನದ ಇಲಿಗಳು. ಇದು ರಕ್ತದ ಗುಣ ಇರಬಹುದು ಅಂತ ಅವರಿಗೂ ಅನುಮಾನ ಬಂತು. ಹುಟ್ಟಿದ ಕೂಡಲೇ ಮರಿಗಳನ್ನು ಅದಲು ಬದಲು ಮಾಡಿದರು. ಸಾಕಿದ ತಾಯಿಯ ಹಾಗೆಯೇ ಆದವು, ಹೆತ್ತ ತಾಯಿಯ ಹಾಗಲ್ಲ. 2004ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಡಿಮೆ ನೆಕ್ಕಿಸಿಕೊಂಡವುಗಳ ಮೆದುಳಿನಲ್ಲಿ ಆ ಕೇಳಿಸಿಕೊಳ್ಳುವ ಜಾಗ ಕಟ್ಟುವ ಜೀನ್ ಮೇಲೆ ರಾಸಾಯನಿಕ ಬೀಗ ಬಿದ್ದಿರುವುದನ್ನೂ ತೋರಿಸಿದರು. ಜೀನ್ ಅದೇ, ಬೀಗ ಮಾತ್ರ ಬೇರೆ ಬೇರೆ.

ಸ್ವಭಾವದ ಪಾಲು ಇಲ್ಲವೇ ಇಲ್ಲ ಅನ್ನುವುದಿಲ್ಲ.

ಬಿಳಿಜೋಳ_ಇಂಡಿ

ಇಲಿ ಪಂಜರದಲ್ಲಿತ್ತು. ಶೀರ್ಷಿಕೆಯಲ್ಲಿ ಇರುವುದು ಊರ ಮಂಗ. ಕಾಡಿನ ಪ್ರಾಣಿಯದ್ದು ಏನಾದರೂ ಇದ್ದರೆ ಹೇಳಿ.

ಹಿಕ್ಕೆ_ಹುಡುಗಿ

ನಾನು ಹೇಳುತ್ತೇನೆ ಕಾಕಾ. ಬೆಳಗಾವಿಯವಳು, ಪ್ರಾಣಿಗಳ ಒತ್ತಡದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಹೆಸರಿಗೆ ನಗಬೇಡಿ, ಕೆಲಸವೇ ಅದು.

ಕೆನ್ಯಾದ ಅಂಬೋಸೆಲಿಯಲ್ಲಿ ಬಬೂನ್ ಅನ್ನುವ ದೊಡ್ಡ ಮಂಗಗಳಿವೆ. 1971ರಿಂದ ಅವುಗಳ ಹುಟ್ಟು, ಸಾವು, ಗೆಳೆತನ, ಜಗಳ ಎಲ್ಲ ಬರೆದಿಡುತ್ತಾ ಬಂದಿದ್ದಾರೆ. ಒಂದೊಂದು ಮಂಗನಿಗೂ ಹೆಸರಿದೆ. 2016ರಲ್ಲಿ 196 ಹೆಣ್ಣು ಬಬೂನ್‌ಗಳ ಲೆಕ್ಕ ತೆಗೆದರು. ಎಳೆತನದ ಕಷ್ಟ ಅಂತ ಆರು ಹಿಡಿದರು. ಹುಟ್ಟಿದ ವರ್ಷ ಬರ, ತಾಯಿ ಸಾವು, ಗುಂಪಿನಲ್ಲಿ ಮಂಗಗಳ ಸಂಖ್ಯೆ ಜಾಸ್ತಿ, ತಾಯಿಗೆ ಗುಂಪಿನಲ್ಲಿ ಕೆಳಗಿನ ಸ್ಥಾನ, ತಾಯಿಗೆ ಗೆಳತಿಯರಿಲ್ಲದಿರುವುದು, ಬೆನ್ನಿಗೇ ಹುಟ್ಟಿದ ತಮ್ಮ ಅಥವಾ ತಂಗಿ. ಇವುಗಳಲ್ಲಿ ಮೂರು ಅಥವಾ ಹೆಚ್ಚು ಕಂಡ ಮರಿಗಳು ದೊಡ್ಡವಾದ ಮೇಲೂ, ಕಷ್ಟ ಕಾಣದವುಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಸತ್ತವು. ಹತ್ತು ವರ್ಷ! ಬಬೂನ್ ಬದುಕಿನಲ್ಲಿ ಅದು ಅರ್ಧ ಆಯಸ್ಸು.

ಇನ್ನೊಂದು ಮಾತು ಮಲಪ್ರಭಾ ಅಣ್ಣನಿಗೆ. 2019ರಲ್ಲಿ ಅದೇ ಜಾಗದಿಂದ ಇನ್ನೊಂದು ಲೆಕ್ಕ ಬಂತು. ಚಿಕ್ಕಂದಿನಲ್ಲಿ ತಾಯಿ ಕಳೆದುಕೊಂಡ ಹೆಣ್ಣುಗಳ ಮರಿಗಳೂ ಬೇಗ ಸಾಯುವುದು ಜಾಸ್ತಿ. ಆ ಮರಿಗಳಿಗೆ ತಮ್ಮದೇ ಕಷ್ಟ ಏನೂ ಇಲ್ಲದಿದ್ದರೂ. ಅಜ್ಜಿ ಸತ್ತದ್ದರ ಬಿಸಿ ಮೊಮ್ಮಗಳಿಗೆ ತಟ್ಟುತ್ತದೆ.

ಮಲಪ್ರಭಾ_ದಂಡೆ

ಅಯ್ಯೋ ತಂಗಿ, ಇದನ್ನು ಓದಿ ಆ ಮರಿಯನ್ನು ನೋಡುವುದೇ ಕಷ್ಟ ಆಯಿತು.

ಕುರಿಹಿಂಡು

ನಮ್ಮಲ್ಲಿ ಇದಕ್ಕೆ ಲೆಕ್ಕ ಬೇಕಿಲ್ಲ. ನಮ್ಮವು ಯಳಗ ಕುರಿ. 2023ರ ಬರದಲ್ಲಿ ಹುಟ್ಟಿದ ಮರಿಗಳನ್ನು ಇವತ್ತಿಗೂ ಹಿಂಡಿನಲ್ಲಿ ಬೆರಳಿಟ್ಟು ತೋರಿಸುತ್ತೇನೆ. ಎಷ್ಟು ಮೇಯಿಸಿದರೂ ಮೈ ತುಂಬುವುದಿಲ್ಲ. ಆದರೆ ಒಂದು ಮಾತು, ಹಸಿರು ಎಲ್ಲಿದೆ ಅಂತ ಮೊದಲು ಮೂಸಿ ಹೋಗುವುದೂ ಅವೇ. ನಾಯಿ ಬೊಗಳುವ ಮೊದಲೇ ಕಿವಿ ನಿಮಿರಿಸುವುದೂ ಅವೇ. ನಮ್ಮಪ್ಪ ಅವುಗಳನ್ನು ಮಾರಲು ಬಿಡುತ್ತಿರಲಿಲ್ಲ. ಬರದ ಮರಿ ಹಿಂಡಿಗೆ ಒಂದೆರಡು ಇರಲಿ ಅನ್ನುತ್ತಿದ್ದ.

ದನದ_ಡಾಕ್ಟರ್

ಒಳ್ಳೆ ಮಾತು. ತಾಯಿ ಗಬ್ಬ ಇದ್ದಾಗ ಮೇವು ಇರದಿದ್ದರೆ ಮರಿಯ ಮೈ ಕಟ್ಟುವುದೇ ಕಡಿಮೆ ಖರ್ಚಿನಲ್ಲಿ. ಆಮೇಲೆ ಮೇವು ಹಾಕಿದರೆ ಅದು ಪೂರ್ತಿ ಸರಿಹೋಗುವುದಿಲ್ಲ.

ಹಿಕ್ಕೆ_ಹುಡುಗಿ

ಕುರಿಹಿಂಡು ಅಣ್ಣಾ, ನಿಮ್ಮ ಮಾತಿಗೆ ಕೆನಡಾದ ಯೂಕಾನ್‌ನಲ್ಲಿ ಸಾಕ್ಷಿ ಇದೆ. ಅಲ್ಲಿನ ಹಿಮ ಮೊಲಗಳ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಲಿಂಕ್ಸ್ ಅನ್ನುವ ಕಾಡು ಬೆಕ್ಕು ಬೆನ್ನಟ್ಟುವ ವರ್ಷಗಳಲ್ಲಿ ಗಬ್ಬದ ಮೊಲಗಳ ಕಾರ್ಟಿಸಾಲ್ ಏರಿರುತ್ತದೆ. ಅವುಗಳ ಮರಿಗಳು ಸಣ್ಣವು, ಹಗುರ. ಬೆಕ್ಕು ಹಿಡಿಯದೆ ಬರೀ ಹೆದರಿಸಿದರೂ ಅಷ್ಟಾಗುತ್ತದೆ.

ಅಲ್ಲೇ ಕೆಂಪು ಅಳಿಲುಗಳೂ ಇವೆ. ಅವುಗಳದ್ದು ಉಲ್ಟಾ. ಕಾಡಿನಲ್ಲಿ ಸ್ಪೀಕರ್ ಇಟ್ಟು ಬೇರೆ ಅಳಿಲುಗಳ ಕೂಗು ಹಾಕಿದರು. ಇಲ್ಲಿ ಜಾಗಕ್ಕೆ ಪೈಪೋಟಿ ಜಾಸ್ತಿ ಇದೆ ಅಂತ ತಾಯಿ ಅಳಿಲು ನಂಬಿತು. ಕಾರ್ಟಿಸಾಲ್ ಏರಿತು. ಅದರ ಮರಿಗಳು ಬೇಗ ಬೇಗ ಬೆಳೆದವು, ಊಟ ಹೆಚ್ಚು ಹಾಕದೆಯೇ. ಅದು 2013ರಲ್ಲಿ ಪ್ರಕಟವಾಯಿತು. ಹಾಗಾಗಿ ಒತ್ತಡ ಅಂದರೆ ಹಾಳಾಗುವುದು ಅಂತಲೇ ಅಲ್ಲ. ಮುಂದೆ ಎಂಥ ಲೋಕ ಕಾದಿದೆ ಅನ್ನುವ ಸುದ್ದಿ ತಾಯಿಯ ರಕ್ತದಿಂದ ಮರಿಗೆ ಹೋಗುತ್ತದೆ. ಸುದ್ದಿ ನಿಜವಾದರೆ ಲಾಭ, ಸುಳ್ಳಾದರೆ ನಷ್ಟ.

ಸುಮ್ನೆ_ಓದುವವ

ನಮ್ಮ ಅಪಾರ್ಟ್‌ಮೆಂಟ್‌ನಲ್ಲೂ ಪಕ್ಕದ ಮನೆ ಮಗುವಿನ ಮಾರ್ಕ್ಸ್ ಕೇಳಿಸಿ ಕೇಳಿಸಿ ನಮ್ಮ ಮಗ ಬೇಗ ಬೆಳೆಯುತ್ತಿದ್ದಾನೆ. ಎತ್ತರಕ್ಕಲ್ಲ, ಕೋಪಕ್ಕೆ.

ಮುಧೋಳ_ನಾಯಿ

ನಾಯಿ ವಿಷಯ ಬರಲಿಲ್ಲವಲ್ಲ ಅಂತ ಕಾಯುತ್ತಿದ್ದೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮುಧೋಳ ನಾಯಿ ಸಾಕುತ್ತಾರೆ. ಇಪ್ಪತ್ತೈದು ದಿನದ ಮರಿಯನ್ನೇ ಕೊಡಿ ಅಂತ ಫೋನ್ ಮಾಡುವವರು ಜಾಸ್ತಿ ಆಗಿದ್ದಾರೆ. ಚಿಕ್ಕದಿದ್ದರೆ ಹೊಂದಿಕೊಳ್ಳುತ್ತದಂತೆ. ಅಷ್ಟು ಬೇಗ ತಾಯಿ ಬಿಡಿಸಿದ ಮರಿ ಎಷ್ಟು ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನೇ ಕಲಿತಿರುವುದಿಲ್ಲ. ಅದನ್ನು ಕಲಿಸುವುದು ತಾಯಿ ಮತ್ತು ಒಡಹುಟ್ಟಿದವು. ಆಮೇಲೆ ಈ ಜಾತಿಯೇ ಸಿಟ್ಟಿನದು ಅಂತ ನಮ್ಮ ಮೇಲೆ ಬರುತ್ತಾರೆ. ಎಂಟು ವಾರದ ಮೊದಲು ನಾನು ಕೊಡುವುದಿಲ್ಲ.

ಬಿಳಿಜೋಳ_ಇಂಡಿ

ನಾಯಿ ಕಾಡು ಪ್ರಾಣಿಯಲ್ಲ. ವಿಷಯ ಬಿಟ್ಟು ಹೋಗುತ್ತಿದ್ದೀರಿ.

ಮುಧೋಳ_ನಾಯಿ

ಒಂದು ಸಲ ಬನ್ನಿ, ಮೊಲದ ಹಿಂದೆ ಓಡುವಾಗ ನೋಡಿ ಹೇಳಿ.

ಖಾನಾಪುರ_ಕಾಡು

ಮಂಗ, ಇಲಿ ಸಾಕು. ಆನೆ ಕಥೆ ಹೇಳುತ್ತೇನೆ. ದಾಂಡೇಲಿ ಕಡೆಯಿಂದ ನಮ್ಮ ಗದ್ದೆಗೆ ಆನೆ ಬರುವುದು ಇದ್ದದ್ದೇ. ಆದರೆ ಇದು ದಕ್ಷಿಣ ಆಫ್ರಿಕಾದ್ದು. ಕ್ರೂಗರ್ ಕಾಡಿನಲ್ಲಿ ಆನೆ ಜಾಸ್ತಿಯಾದವು ಅಂತ ದೊಡ್ಡವನ್ನು ಕೊಂದು, ಅನಾಥ ಮರಿಗಳನ್ನು ಪಿಲಾನೆಸ್‌ಬರ್ಗ್ ಅನ್ನುವ ಬೇರೆ ಕಾಡಿಗೆ ಸಾಗಿಸಿದರು. ಆ ಮರಿಗಳು ಹದಿವಯಸ್ಸಿಗೆ ಬಂದವು. ಗಂಡುಗಳಿಗೆ ವಯಸ್ಸಿಗೆ ಮೊದಲೇ ಮದ ಬಂತು, ಬೇಗ ಇಳಿಯಲೂ ಇಲ್ಲ. 1992ರಿಂದ 1997ರೊಳಗೆ 40ಕ್ಕಿಂತ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ತಿವಿದು ಕೊಂದವು. ಆನೆ ಹಾಗೆ ಮಾಡುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಕಡೆಗೆ 1998ರಲ್ಲಿ ಕ್ರೂಗರ್‌ನಿಂದ ಆರು ಹಿರಿಯ ಗಂಡಾನೆ ತಂದು ಬಿಟ್ಟರು. ಹುಡುಗರ ಮದ ಇಳಿಯಿತು. ಘೇಂಡಾಮೃಗ ಸಾಯುವುದು ನಿಂತಿತು.

ಗೋಕಾಕ_ಕರದಂಟು

ಊರಲ್ಲಿ ನಾಲ್ಕು ಹಿರಿಯರು ಕಟ್ಟೆ ಮೇಲೆ ಕೂತಿದ್ದರೆ ಹುಡುಗರು ಬೈಕ್ ಮೆಲ್ಲಗೆ ಓಡಿಸುತ್ತಾರಲ್ಲ, ಹಾಗೆ.

ಬಿಳಿಜೋಳ_ಇಂಡಿ

ಖಾನಾಪುರದವರೇ, ನಿಮ್ಮ ಕಥೆ ನನ್ನ ಪರವಾಗಿದೆ. ಬಾಲ್ಯದ ಗಾಯದಿಂದಲೇ ಹಾಗಾಗಿದ್ದರೆ ಹಿರಿಯ ಆನೆ ಬಂದ ಕೂಡಲೇ ಹೇಗೆ ಸರಿಹೋಯಿತು? ಅವುಗಳಿಗೆ ಇದ್ದ ಕೊರತೆ ಆಗಿನದ್ದಲ್ಲ, ಈಗಿನದ್ದು. ಅಂಕೆಯಲ್ಲಿಡುವವರು ಇರಲಿಲ್ಲ, ಅಷ್ಟೇ.

ಖಾನಾಪುರ_ಕಾಡು

ಹ್ಞಾಂ… ಇದಕ್ಕೆ ಉತ್ತರ ಹೊಳೆಯುತ್ತಿಲ್ಲ. ಎರಡೂ ಸೇರಿರಬೇಕು.

ಹಿಕ್ಕೆ_ಹುಡುಗಿ

ಬಿಳಿಜೋಳ ಕಾಕಾ, ಇಲ್ಲಿ ನಿಮಗೇ ಮಾರ್ಕ್ಸ್. ನಿಮಗೆ ಇನ್ನೂ ಖುಷಿಯಾಗುವ ಸುದ್ದಿ ಇದೆ. ರುವಾಂಡಾದ ಬೆಟ್ಟದ ಗೊರಿಲ್ಲಾಗಳನ್ನು 1967ರಿಂದ ನೋಡುತ್ತಾ ಬಂದಿದ್ದಾರೆ. 2023ರಲ್ಲಿ 253 ಗೊರಿಲ್ಲಾಗಳ ಲೆಕ್ಕ ಬಂತು. ಚಿಕ್ಕಂದಿನಲ್ಲಿ ಕಷ್ಟ ಹೆಚ್ಚಾದಷ್ಟೂ ಮರಿಗಳು ಬೇಗ ಸಾಯುತ್ತವೆ, ನಿಜ. ಆದರೆ ಆರು ವರ್ಷ ದಾಟಿದವುಗಳ ಆಯಸ್ಸು ಕಡಿಮೆಯಾಗಲೇ ಇಲ್ಲ. ಮೂರು ಅಥವಾ ಹೆಚ್ಚು ಕಷ್ಟ ಕಂಡು ಉಳಿದವು ಇನ್ನೂ ಜಾಸ್ತಿಯೇ ಬದುಕಿದವು.

ಬಿಳಿಜೋಳ_ಇಂಡಿ

ನೋಡಿದಿರಾ! ಬೆಂಕಿಯಲ್ಲಿ ಬೆಂದದ್ದೇ ಗಟ್ಟಿ ಗಡಿಗೆ.

ದನದ_ಡಾಕ್ಟರ್

ಸ್ವಲ್ಪ ತಡೀರಿ. ಒಡೆದ ಗಡಿಗೆಗಳನ್ನು ತಿಪ್ಪೆಗೆ ಎಸೆದು, ಉಳಿದದ್ದನ್ನು ಎಣಿಸಿ ನಮ್ಮ ಆವಿಗೆಯಲ್ಲಿ ಒಂದೂ ಒಡೆಯಲಿಲ್ಲ ಅಂದ ಹಾಗಾಯಿತು. ಬಲ ಇಲ್ಲದವು ಆರು ವರ್ಷದೊಳಗೇ ಸತ್ತಿವೆಯಲ್ಲ.

ಹಿಕ್ಕೆ_ಹುಡುಗಿ

ಡಾಕ್ಟರ್ ಹೇಳಿದ್ದೂ ಒಂದು ಕಾರಣ. ಇನ್ನೊಂದು ಗುಂಪಿನ ನಡವಳಿಕೆ. ತಾಯಿ ಸತ್ತ ಗೊರಿಲ್ಲಾ ಮರಿಯನ್ನು ಉಳಿದವರು ಹತ್ತಿರ ಸೇರಿಸಿಕೊಳ್ಳುತ್ತಾರೆ. ಅದರಲ್ಲೂ ಗುಂಪಿನ ಯಜಮಾನ ಗಂಡು ರಾತ್ರಿ ಮರಿಯನ್ನು ತನ್ನ ಗೂಡಿನಲ್ಲೇ ಮಲಗಿಸಿಕೊಳ್ಳುತ್ತಾನೆ. ಎರಡು ವರ್ಷ ದಾಟಿದ ಮರಿ ಒಂಟಿಯಾಗುವುದೇ ಇಲ್ಲ. ಮೇವೂ ಸುತ್ತಮುತ್ತ ಧಾರಾಳ. ಬಬೂನ್ ಬಯಲಿನಲ್ಲಿ ಹಾಗಲ್ಲ.

ಅದಕ್ಕೇ ಮಲಪ್ರಭಾ ಅಣ್ಣಾ, ಒಂದು ಕೇಳಬೇಕಿತ್ತು. ತಾಯಿ ಹೋದ ಮೇಲೆ ಹರಕಿವಿಯನ್ನು ಯಾರು ಹೊತ್ತು ತಿರುಗಿದ್ದು?

ಮಲಪ್ರಭಾ_ದಂಡೆ

ಯಾರೂ ಹೊತ್ತು ತಿರುಗಲಿಲ್ಲ ತಂಗಿ. ಒಂದು ಬೋಳುಬಾಲದ ಮುದುಕಿ ಇದೆ. ಅದು ರಾತ್ರಿ ಮಾತ್ರ ಪಕ್ಕಕ್ಕೆ ಬಿಟ್ಟುಕೊಳ್ಳುತ್ತಿತ್ತು. ಹಗಲು ಹತ್ತಿರ ಹೋದರೆ ಹಲ್ಲು ಕಿರಿಯುತ್ತಿತ್ತು. ಇವಳು ಎರಡು ವರ್ಷ ಗುಂಪಿನ ಹಿಂದೆ ಹಿಂದೆ, ಉದುರಿದ್ದು ತಿಂದು ಬೆಳೆದಳು. ಅದೇ ವರ್ಷ ಹುಟ್ಟಿದ ಉಳಿದ ಮರಿಗಳಿಗಿಂತ ಇವಳ ಮೈ ಸಣ್ಣ.

ಹಿಕ್ಕೆ_ಹುಡುಗಿ

ಈ ಜಾತಿಯ ಮಂಗಗಳಲ್ಲಿ ಮಗಳ ಸ್ಥಾನ ತಾಯಿಯಿಂದ ಬರುತ್ತದೆ. ಜಗಳ ಬಂದಾಗ ಬೆನ್ನಿಗೆ ನಿಲ್ಲುವ ತಾಯಿ ಇಲ್ಲದಿದ್ದರೆ ಮಗಳು ಕಡೆಯ ಸಾಲು. ಕಡೆಯ ಸಾಲಿನವಳಿಗೆ ಹೇನು ಆರಿಸುವವರು ಇರುವುದಿಲ್ಲ. ಅವಳದ್ದು ಬರೀ ಹಳೆಯ ಅಂಜಿಕೆ ಅಲ್ಲ ಅಣ್ಣಾ, ದಿನದಿನವೂ ಹೊಸದಾಗಿ ಸಿಗುವ ಅಂಜಿಕೆ.

ಅವಳ ಕಾರ್ಟಿಸಾಲ್ ತಿಳಿಯಬೇಕಾದರೆ ಹಿಡಿದು ರಕ್ತ ತೆಗೆಯುವಂತಿಲ್ಲ. ಹಿಡಿದ ಮೂರು ನಿಮಿಷದಲ್ಲೇ ಅದು ಏರಲು ಶುರುವಾಗುತ್ತದೆ, ನಾವು ಹಿಡಿದದ್ದರ ಅಂಜಿಕೆಯನ್ನೇ ಅಳೆದ ಹಾಗಾಗುತ್ತದೆ. ಅದಕ್ಕೇ ಹಿಕ್ಕೆ. ದೇಹ ಬಳಸಿ ಒಡೆದುಹಾಕಿದ ಹಾರ್ಮೋನಿನ ಚೂರುಗಳು ಅದರಲ್ಲಿ ಸಿಗುತ್ತವೆ, ಹಿಂದಿನ ಒಂದೆರಡು ದಿನದ ಸರಾಸರಿ ಗೊತ್ತಾಗುತ್ತದೆ. ಹೈದರಾಬಾದ್‌ನಲ್ಲಿ ಸಿಸಿಎಂಬಿ ಅನ್ನುವ ಸರ್ಕಾರಿ ಸಂಶೋಧನಾ ಸಂಸ್ಥೆಯ ಲ್ಯಾಕೋನ್ಸ್ ಪ್ರಯೋಗಾಲಯದಲ್ಲಿ ಕಾಡು ಪ್ರಾಣಿಗಳಿಗೆ ಈ ಕೆಲಸ ನಡೆಯುತ್ತದೆ. ಕೆಲಸ ಕೇಳಲು ಸುಲಭ. ಬೆಳಗ್ಗೆ ಐದೂವರೆಗೆ ಮರದ ಕೆಳಗೆ ಕೂರಬೇಕು. ಯಾವ ಮಂಗ ಹಾಕಿದ್ದು ಅಂತ ಕಣ್ಣಾರೆ ನೋಡಬೇಕು, ನೋಡದೆ ಎತ್ತಿದ್ದು ಲೆಕ್ಕಕ್ಕಿಲ್ಲ. ಮಣ್ಣು ಮೆತ್ತಿಕೊಳ್ಳದ ನಡುವಿನ ಭಾಗ ಕಡ್ಡಿಯಿಂದ ತೆಗೆದು ಡಬ್ಬಿಗೆ ಹಾಕಿ, ನಂಬರ್ ಬರೆದು, ಕೂಡಲೇ ಐಸ್ ಪೆಟ್ಟಿಗೆಗೆ. ಒಂದು ಸಲ ಬಸ್ಸಿನಲ್ಲಿ ಕಂಡಕ್ಟರ್ ಪೆಟ್ಟಿಗೆಯಲ್ಲಿ ಏನಿದೆ ಅಂತ ಕೇಳಿದ್ದ. ನಿಜ ಹೇಳಿದೆ. ಸಾಮಾನಿಗೆ ಟಿಕೆಟ್ ಕೇಳಲಿಲ್ಲ.

ಗೋಕಾಕ_ಕರದಂಟು

😂 😂 ನಾನು ಊಟ ಮಾಡುತ್ತಾ ಓದುತ್ತಿದ್ದೆ.

ಘಟಪ್ರಭಾ_ಹಕ್ಕಿ

ಧೂಪದಾಳದಲ್ಲಿ ಹಕ್ಕಿ ನೋಡುವವನು ನಾನು. ಹಕ್ಕಿಗಳ ಪರವಾಗಿ ಎರಡು ಮಾತು. ಝೀಬ್ರಾ ಫಿಂಚ್ ಅನ್ನುವ ಆಸ್ಟ್ರೇಲಿಯಾದ ಸಣ್ಣ ಹಕ್ಕಿಯ ಮರಿಗಳಿಗೆ ಸ್ಕಾಟ್ಲೆಂಡ್‌ನಲ್ಲಿ ಒತ್ತಡದ ಹಾರ್ಮೋನ್ ಹನಿ ಹಾಕಿ ಬೆಳೆಸಿದರು. ಯಾವುದರಲ್ಲಿ ಕಲಸಿ ಗೊತ್ತಾ? ಶೇಂಗಾ ಎಣ್ಣೆಯಲ್ಲಿ! ಆ ಹಕ್ಕಿಗಳು ದೊಡ್ಡವಾಗಿ ಬೇಗ ಸತ್ತವು. ಅದು ಹೋಗಲಿ. ಅವುಗಳ ಜೋಡಿಯಾಗಿದ್ದ ಹಕ್ಕಿಗಳೂ ಬೇಗ ಸತ್ತವು. ಜೋಡಿಗೆ ಏನೂ ಹಾಕಿರಲಿಲ್ಲ, ಚೆನ್ನಾಗಿಯೇ ಬೆಳೆದಿತ್ತು. ಇದು 2012ರ ಸುದ್ದಿ.

ಅದೇ ಹಕ್ಕಿ 26 ಡಿಗ್ರಿ ದಾಟಿದರೆ ಮೊಟ್ಟೆಯ ಮುಂದೆ ಕೂತು ಬೇರೆಯೇ ಒಂದು ಕೂಗು ಹಾಕುತ್ತದೆ. ಮೊಟ್ಟೆಯೊಳಗೆ ಅದನ್ನು ಕೇಳಿಸಿಕೊಂಡ ಮರಿಗಳು ಬಿಸಿಲಿನಲ್ಲಿ ಸಣ್ಣ ಮೈಯವಾಗಿ ಬೆಳೆಯುತ್ತವೆ. ಬಿಸಿಲಿಗೆ ಸಣ್ಣ ಮೈ ಒಳ್ಳೆಯದಂತೆ.

ಬಿಳಿಜೋಳ_ಇಂಡಿ

26 ಡಿಗ್ರಿಗೆ ನಮ್ಮ ವಿಜಯಪುರದಲ್ಲಿ ಸ್ವೆಟರ್ ಹುಡುಕುತ್ತೇವೆ.

ಸುಮ್ನೆ_ಓದುವವ

ಜೋಡಿಯೂ ಬೇಗ ಸಾಯುತ್ತದೆ ಅನ್ನುವುದನ್ನು ನಮ್ಮ ಮನೆಯವಳಿಗೆ ಓದಿ ಹೇಳಿದೆ. ನಿಮ್ಮ ಬಾಲ್ಯ ಹೇಗಿತ್ತು ಅಂತ ಈಗ ವಿಚಾರಣೆ ನಡೆದಿದೆ.

ನವಗ್ರಾಮದ_ಹುಡುಗ

ಎಲ್ಲರೂ ನಗುತ್ತಿದ್ದೀರಿ. ನನ್ನದೊಂದು ಹೇಳಲಾ? 2009ರ ನೆರೆಯಲ್ಲಿ ನನಗೆ ಏಳು ವರ್ಷ. ಮಣ್ಣಿನ ಮನೆ, ರಾತ್ರಿ ಹಿಂದಿನ ಗೋಡೆ ಕುಸಿಯಿತು. ಅವ್ವ ಒಂದು ಕೈಯಲ್ಲಿ ತಂಗಿಯನ್ನು, ಇನ್ನೊಂದು ಕೈಯಲ್ಲಿ ಹಿಟ್ಟಿನ ಡಬ್ಬಿ ಹಿಡಿದು ಓಡಿದಳು. ನಾನು ಅವಳ ಸೆರಗು ಹಿಡಿದಿದ್ದೆ. ಈಗ ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯಲ್ಲಿ ಇರುತ್ತೇನೆ. ಹೊಳೆ ಇಲ್ಲ, ಹಳ್ಳ ಇಲ್ಲ. ಆದರೂ ರಾತ್ರಿ ಮಳೆ ಜೋರಾದರೆ ಮಾರ್ಕ್ಸ್‌ಕಾರ್ಡು, ಆಧಾರ್ ಎಲ್ಲ ಒಂದು ಚೀಲಕ್ಕೆ ಹಾಕಿ ತಲೆದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುವುದು. ರೂಮಿನವರು ನಗುತ್ತಾರೆ.

ಗೋಕಾಕ_ಕರದಂಟು

ತಮ್ಮಾ, ಇದಕ್ಕೆ ಯಾರೂ ನಗುವುದಿಲ್ಲ.

ಬಿಳಿಜೋಳ_ಇಂಡಿ

ನಗುವ ಮಾತೇ ಅಲ್ಲ. ಆದರೆ ಮನುಷ್ಯನನ್ನೂ ಮಂಗನನ್ನೂ ಒಂದೇ ಸಾಲಿಗೆ ಕಟ್ಟಬಾರದು. ನೀನು ಹೇಳಿಕೊಳ್ಳಬಲ್ಲೆ, ದುಡಿದು ಮನೆ ಕಟ್ಟಬಲ್ಲೆ. ಹತ್ತು ವರ್ಷ ಕಡಿಮೆ ಅಂತೆಲ್ಲ ಓದಿ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅದು ಬಬೂನ್ ಲೆಕ್ಕ.

ಹಿಕ್ಕೆ_ಹುಡುಗಿ

ಕಾಕಾ ಹೇಳಿದ್ದು ಸರಿ. ಅದೇ ಬಬೂನ್‌ಗಳಲ್ಲೂ, ಬಾಲ್ಯ ಕೆಟ್ಟಿದ್ದರೂ ದೊಡ್ಡವಾದ ಮೇಲೆ ಗಟ್ಟಿ ಗೆಳೆತನ ಸಿಕ್ಕವು ಜಾಸ್ತಿ ಬದುಕಿದವು. ಹಳೆಯದು ಹಳೆಯದಕ್ಕೆ, ಹೊಸದು ಹೊಸದಕ್ಕೆ.

ಹೊಲದವಳು

ನನಗೆ ಸಿಟ್ಟು ಬರುತ್ತಿದೆ, ಹೇಳಿಬಿಡುತ್ತೇನೆ. ಮಂಗನ ಮನಸ್ಸಿನ ಬಗ್ಗೆ ಇಷ್ಟು ಬರೆದಿರಿ. ಎರಡು ಎಕರೆ ಶೇಂಗಾ ಹಾಕಿದ್ದೆ, ಬಿತ್ತಿದ ಬೀಜವನ್ನೇ ಕೆದರಿ ತಿಂದವು. ಎರಡನೇ ಸಲ ಬಿತ್ತಿದೆ. ಇಡೀ ದಿನ ಡಬ್ಬ ಬಾರಿಸುತ್ತಾ ಕೂತರೆ ಮನೆ ಕೆಲಸ ಯಾರು ಮಾಡಬೇಕು? ಚಹಾದಂಗಡಿಯಲ್ಲಿ ಬಿಸ್ಕಿಟ್ ಹಾಕಿ ಸಾಕುವವರು ನೀವು, ತಿನ್ನಿಸಿಕೊಳ್ಳುವವರು ನಾವು. ಪಂಚಾಯಿತಿಯವರು ಹಿಡಿಸಲಿ.

ಮಲಪ್ರಭಾ_ದಂಡೆ

ಅಕ್ಕಾ, ನಿಮ್ಮ ಮಾತು ತಪ್ಪಲ್ಲ. ಬಿಸ್ಕಿಟ್ ನಾನು ಹಾಕುವುದಿಲ್ಲ, ಗಿರಾಕಿಗಳು ಹಾಕುತ್ತಾರೆ. ಬೇಡ ಅಂದರೆ ಹನುಮಪ್ಪನಿಗೆ ಹಾಕುತ್ತೇವೆ ನಿನಗೇನು ಅನ್ನುತ್ತಾರೆ. ಬೋರ್ಡ್ ಬರೆಸಿ ಹಾಕಿದೆ, ಅದನ್ನೂ ಮಂಗ ಕಿತ್ತಿತು.

ಖಾನಾಪುರ_ಕಾಡು

ಹಿಡಿದು ಬಿಟ್ಟರೆ ಮುಗಿಯುವುದಿಲ್ಲ ಅಕ್ಕಾ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಕಬ್ಬಿನ ಗದ್ದೆಯ ಚಿರತೆಗಳನ್ನು ಹಿಡಿದು ಹಿಡಿದು ಬೇರೆ ಕಡೆ ಬಿಟ್ಟರು. ಮೊದಲು ವರ್ಷಕ್ಕೆ ಸರಾಸರಿ 4 ಜನರ ಮೇಲೆ ದಾಳಿ ಆಗುತ್ತಿದ್ದದ್ದು 2001ರಿಂದ 2003ರ ನಡುವೆ 17ಕ್ಕೆ ಏರಿತು. ವಿದ್ಯಾ ಅತ್ರೇಯ ಅವರ ತಂಡ ಇದನ್ನು ದಾಖಲಿಸಿದೆ.

ಸುಮ್ನೆ_ಓದುವವ

ಚಿರತೆ ಅಂದ ಕೂಡಲೇ 2022ರ ಬೆಳಗಾವಿ ನೆನಪಾಯಿತು. ಗಾಲ್ಫ್ ಮೈದಾನದ ಚಿರತೆಗಾಗಿ ಆನೆ ತರಿಸಿದರು, ಶಾಲೆಗಳಿಗೆ ರಜೆ ಕೊಟ್ಟರು. ಮಕ್ಕಳು ಅದು ಸಿಗದಿರಲಿ ಅಂತ ಹರಕೆ ಹೊತ್ತಿದ್ದರು. ಫಲಿಸಿತು.

ಹಿಕ್ಕೆ_ಹುಡುಗಿ

ಹೊಲದವಳು ಅಕ್ಕನ ನಷ್ಟಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅದಕ್ಕೆ ಪರಿಹಾರ ಸಿಗಲೇಬೇಕು. ಮಂಗ ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮಲಪ್ರಭಾ ಅಣ್ಣ ಅದನ್ನು ಮೊದಲು ಕೇಳಲಿ. ಹಿಡಿಯುವುದೇ ಆದರೆ ಇಡೀ ಗುಂಪನ್ನು ಒಟ್ಟಿಗೆ ಹಿಡಿಯಬೇಕು. ತಾಯಿ ಒಂದು ಬೋನಿಗೆ, ಮರಿ ಇನ್ನೊಂದಕ್ಕೆ ಆದರೆ ಒಂದೇ ಮಧ್ಯಾಹ್ನಕ್ಕೆ ಇಪ್ಪತ್ತು ಹರಕಿವಿಗಳು ತಯಾರಾಗುತ್ತವೆ.

ಮಲಪ್ರಭಾ_ದಂಡೆ

ಆರು ದಿನ ಆಯಿತು, ತಡವಾದದ್ದಕ್ಕೆ ಕ್ಷಮಿಸಿ.

ಮೊನ್ನೆ ಬಂದಿದ್ದರು. ಅನುಮತಿ ಕೇಳಿದೆ, ಒಂದು ಕಾಗದ ತೋರಿಸಿ ಮಡಚಿಟ್ಟರು. ಗುಡಿ ಹಿಂದೆ ದೊಡ್ಡ ಕಬ್ಬಿಣದ ಬೋನು ಇಟ್ಟು ಒಳಗೆ ಶೇಂಗಾ, ಬಾಳೆಹಣ್ಣು ಚೆಲ್ಲಿದರು. ಬಾಗಿಲಿಗೆ ಹಗ್ಗ. ಹಗ್ಗ ಹಿಡಿದವನು ಬೇವಿನ ಮರದ ಹಿಂದೆ. ಗಿರಾಕಿ ಕೈಯಿಂದ ಕಸಿಯುವ ಧೈರ್ಯದವೆಲ್ಲ ನೆಟ್ಟಗೆ ಒಳಗೆ ಹೋದವು. ಯಜಮಾನ ಗಂಡು ಎಲ್ಲರಿಗಿಂತ ಮೊದಲು. ಹಿಂದೆ ಹೆಣ್ಣುಗಳು, ಅವುಗಳ ಹೊಟ್ಟೆಗೆ ಮರಿಗಳು. ಬಾಗಿಲು ಬಿದ್ದ ಸದ್ದಿಗೆ ಇಡೀ ಊರು ಹೊರಗೆ ಬಂತು. ಮೂರು ಸಲ ಹಾಗೆ ಹಿಡಿದರು. ನಾನು ಎಣಿಸಿದ್ದು 31.

ಹರಕಿವಿ ಬರಲಿಲ್ಲ. ಮರಿಯನ್ನು ಹೊಟ್ಟೆಗೆ ಒತ್ತಿಕೊಂಡು ಹುಣಸೆ ತುದಿಯಲ್ಲಿ, ಹೊಳೆ ಬಂದಾಗ ಕೂತಿದ್ದ ಅದೇ ಕವಲಿನಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತಿದ್ದಳು. ಬಾಳೆಹಣ್ಣು ತೋರಿಸಿದರು, ಪಟಾಕಿ ಹೊಡೆದರು, ಇಳಿಯಲಿಲ್ಲ. ಹಿಡಿಯುವವನು ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಆ ಒಂದು ಹೆಣ್ಣು ಭಾಳ ಹುಷಾರು ಅಂದ. ನಾನು ಏನೂ ಹೇಳಲಿಲ್ಲ.

ಬಿಳಿಜೋಳ_ಇಂಡಿ

ಇದನ್ನು ಓದಿ ಸುಮ್ಮನೆ ಕೂತೆ.

ಕುರಿಹಿಂಡು

ಬರದ ಮರಿ.

ಹಿಕ್ಕೆ_ಹುಡುಗಿ

ಅವಳು ಉಳಿದಳು, ಸರಿ. ಆದರೆ ಗುಂಪಿಲ್ಲದ ಹೆಣ್ಣು, ಜೊತೆಗೆ ಎಳೆ ಮರಿ. ನಾಯಿಗಳಿಗೆ ಸಿಕ್ಕರೆ? ಬೇರೆ ಯಾವುದಾದರೂ ಉಳಿದಿವೆಯಾ ಅಣ್ಣಾ?

ಹೊಲದವಳು

ನನ್ನ ಹೊಲದಲ್ಲಿ ಎರಡು ದಿನದಿಂದ ಮಂಗ ಇಲ್ಲ, ಖುಷಿಯಾಯಿತು ಅಂತ ಬರೆಯಲು ಬಂದೆ. ನಿಮ್ಮದು ಓದಿದೆ. ಆ ಒಂದು ತಿಂದರೆ ಎಷ್ಟು ತಿಂದೀತು, ಇರಲಿ ಬಿಡಿ.

ಮಲಪ್ರಭಾ_ದಂಡೆ

ಬೋಳುಬಾಲದ ಮುದುಕಿ ಉಳಿದಿದೆ ತಂಗಿ. ಅದಕ್ಕೆ ಹಲ್ಲಿಲ್ಲ, ಶೇಂಗಾದ ಆಸೆಯೂ ಇಲ್ಲ, ಬೋನಿನ ಕಡೆ ತಿರುಗಿಯೂ ನೋಡಲಿಲ್ಲ. ಎರಡು ಹುಡುಗ ಮಂಗಗಳೂ ಇವೆ. ನಿನ್ನೆ ಸಂಜೆ ಮುದುಕಿ ಶಾಲೆ ಗೋಡೆ ಮೇಲೆ ಹರಕಿವಿಗೆ ಬೆನ್ನು ಕೊಟ್ಟು ಕೂತಿತ್ತು. ಹರಕಿವಿ ಬಹಳ ಹೊತ್ತು ನೋಡಿ, ಆಮೇಲೆ ಒಂದು ಕೈಯಲ್ಲಿ ಹೇನು ಆರಿಸಲು ಶುರು ಮಾಡಿದಳು. ಇನ್ನೊಂದು ಕೈಯಲ್ಲಿ ಮರಿಯ ಬಾಲ ಹಿಡಿದೇ ಇದ್ದಳು.

ಗೋಕಾಕ_ಕರದಂಟು

ಫೋಟೋ ಹಾಕಿ ಅಣ್ಣಾ.

ಮಲಪ್ರಭಾ_ದಂಡೆ

ಫೋನ್ ಎತ್ತಿದರೆ ಓಡುತ್ತಾಳೆ. ಕದ್ದು ತೆಗೆದದ್ದು ಒಂದಿದೆ, ಬರೀ ಗೋಡೆ ಬಂದಿದೆ.